ಮಣ್ಣಿನ ಮನೆ ಕಟ್ಟುವವರಿಗೂ ಒಂದು ಸಂಘ ಬೇಕು

(ರಾಮನಾಥಪುರದಲ್ಲಿ ನಡೆದ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಭೆಯಲ್ಲಿ ಮೂರು ಗುಂಪಿನವರು ಸೇರಿ ನನಗೆ ಒಂದು ಅರ್ಜಿ ಕೊಟ್ಟಿದ್ರಿ. ಮಣ್ಣಿನ ಇಟ್ಟಿಗೆ ಒತ್ತುವ ಮಿಷನ್ನು ತಗೊಳ್ತೀವಿ, ಬ್ಯಾಂಕಿನಿಂದ ಸಾಲ ಕೊಡಿಸಿ ಸಿಸ್ಟರ್ ಅಂತ. ಆ ಅರ್ಜಿ ಇನ್ನೂ ನನ್ನ ಹತ್ರನೇ ಇದೆ, ಮುಂದಕ್ಕೆ ಕಳಿಸಿಲ್ಲ. ಕೆಲವರಿಗೆ ಬೇಸರವಾಗಿದೆ ಅಂತಲೂ ಕೇಳಿದೆ. ಅದಕ್ಕೇ ಇವತ್ತು ಬೇರೆ ವಿಷಯ ಬಿಟ್ಟು ಇದನ್ನೇ ಮಾತಾಡೋಣ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಮಿಷನ್ನಿನ ಮೇಲೆ ನನಗೆ ಅಪನಂಬಿಕೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ತರಬೇಕು ಎಂದು ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ್ದು. ಅಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಕೈ ಮಿಷನ್ನಿನಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ ತಿದ್ದಿದರು. ಇದನ್ನು ಸುಡುವ ಹಾಗಿಲ್ಲ. ಒಂದು ಮೂಟೆ ಸಿಮೆಂಟಿನಲ್ಲಿ ಸುಮಾರು 80–90 ಇಟ್ಟಿಗೆ ಆಗುತ್ತೆ. ನಮ್ಮ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಎಷ್ಟು ಸೌದೆ ಉರಿಯುತ್ತೆ ಅಂತ ನಿಮಗೇ ಗೊತ್ತು. ಇನ್ನು ಇಟ್ಟಿಗೆ ಗೂಡಿಗೂ ಸೌದೆ ಎಲ್ಲಿಂದ ತರೋಣ? ಒಂದು ತಮಾಷೆ ನೋಡಿ, ಬೆಂಗಳೂರಿನಲ್ಲಿ ಓದಿದವರು, ಅನುಕೂಲಸ್ಥರು ಇಂಥ ಮಣ್ಣಿನ ಇಟ್ಟಿಗೆಯಲ್ಲಿ ಎರಡು ಮಹಡಿ ಮನೆ ಕಟ್ಟಿಸಿಕೊಂಡು ಬಂದವರಿಗೆಲ್ಲ ತೋರಿಸ್ತಾರೆ. ಹಳ್ಳಿಯಲ್ಲಿ ಮಣ್ಣಿನ ಮನೆ ಅಂದ್ರೆ ಹೆಣ್ಣು ಕೊಡೋದಕ್ಕೂ ಹಿಂದೆ ಮುಂದೆ ನೋಡ್ತಾರೆ.

2018ರಲ್ಲಿ, ಮತ್ತೆ 2019ರಲ್ಲಿ ಕಾವೇರಿ ಉಕ್ಕಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿ ಕೂತಿರುವ ಯಾರಿಗೂ ಮರೆತಿಲ್ಲ. ಹಸಿ ಮಣ್ಣಿನ ಗೋಡೆ ನೀರಲ್ಲಿ ನೆನೆದರೆ ಕುಸಿದೇ ಕುಸಿಯುತ್ತೆ. ಒತ್ತಿದ ಇಟ್ಟಿಗೆ ಆ ಜಾತಿಯಲ್ಲ ನಿಜ. ಆದರೂ ಅದಕ್ಕೆ ಎತ್ತರದ ಕಲ್ಲಿನ ಪಾಯ ಬೇಕು, ಮಳೆ ಹೊಡೆಯದ ಹಾಗೆ ಸೂರು ಮುಂದಕ್ಕೆ ಬರಬೇಕು. ನೆರೆ ಬರುವ ಜಾಗದಲ್ಲಿ ಅದರಿಂದ ಮನೆ ಕಟ್ಟಿ ಅಂತ ನಾನು ಹೇಳೋದಿಲ್ಲ. ಮಾರಾಟಕ್ಕಾಗಿ ನೀವೂ ಹಾಗೆ ಹೇಳಬಾರದು.

ಈಗ ಅರ್ಜಿ ಯಾಕೆ ಕಳಿಸಲಿಲ್ಲ ಅನ್ನೋದಕ್ಕೆ ಬರ್ತೀನಿ. ಬಹಳ ವರ್ಷದ ಹಿಂದೆ, ನಾನು ಬೇರೊಂದು ತಾಲ್ಲೂಕಿನಲ್ಲಿ ಕೆಲಸ ಮಾಡ್ತಿದ್ದಾಗ, ಹನ್ನೆರಡು ಜನ ಹೆಂಗಸರ ಒಂದು ಗುಂಪು ಇದೇ ಮಿಷನ್ನು ತಗೊಂಡಿತು. ಸಾಲ ಕೊಡಿಸಿದವಳು ನಾನೇ. ಮೊದಲ ಎರಡು ಮನೆಗೆ ಚೆನ್ನಾಗಿಯೇ ನಡೆಯಿತು. ನೋಡಿದವರು ಹೊಗಳಿದರು, ಫೋಟೋ ತೆಗೆದರು. ಮೂರನೇ ಮನೆಯ ಹೊತ್ತಿಗೆ ಹಳೇ ಗುಂಡಿಯ ಮಣ್ಣು ಮುಗಿದು ಬೇರೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಅದರಲ್ಲಿ ಜೇಡಿ ಜಾಸ್ತಿ ಇತ್ತು. ಯಾರೂ ಪರೀಕ್ಷೆ ಮಾಡಲಿಲ್ಲ. ಮನೆ ಕಟ್ಟಿಸುವವರಿಗೆ ಅವಸರ. ಮೂರು ವಾರ ನೀರುಣಿಸಬೇಕಾದ ಇಟ್ಟಿಗೆಯನ್ನು ಎಂಟೇ ದಿನಕ್ಕೆ ಹೊತ್ತುಕೊಂಡು ಹೋದರು. ಮೊದಲ ಮಳೆಗಾಲದಲ್ಲೇ ಗೋಡೆ ಬಿರುಕು ಬಿಟ್ಟಿತು, ಮೂಲೆಗಳು ಉದುರಿದವು. ಮನೆಯವರು ಬಾಕಿ ದುಡ್ಡು ಕೊಡಲಿಲ್ಲ. ಬಿಲ್ಲು ಬರೆಯುವವರು ಮಣ್ಣಿನ ಇಟ್ಟಿಗೆಯನ್ನೇ ಒಪ್ಪೋದಿಲ್ಲ ಅಂದುಬಿಟ್ಟರು. ಇವರು ಹೋಗಿ ಕೇಳಿದರೆ 'ನಿಮ್ಮ ಗಂಡಂದಿರನ್ನು ಕಳಿಸಿ' ಅಂದರಂತೆ. ಆ ಹನ್ನೆರಡು ಜನ ಕೂಲಿ ಮಾಡಿ, ಹೊಲಿಗೆ ಹೊಲಿದು ನಾಲ್ಕು ವರ್ಷ ಸಾಲ ತೀರಿಸಿದರು. ಒಂದು ಕಂತೂ ತಪ್ಪಿಸಲಿಲ್ಲ. ಮಿಷನ್ನು ಒಬ್ಬರ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಿದ್ದಿತ್ತು.

ತಪ್ಪು ಅವರದ್ದಲ್ಲ. ನಾನು ಅವರಿಗೆ ಲೆಕ್ಕ ಬರೆಯೋದು ಕಲಿಸಿದ್ದೆ, ನಾಯಕತ್ವ ತರಬೇತಿ ಕೊಟ್ಟಿದ್ದೆ. ಒಂದು ಬಾಟಲಿಯಲ್ಲಿ ಮಣ್ಣು ಹಾಕಿ ನೋಡೋದನ್ನು ಕಲಿಸಿರಲಿಲ್ಲ. ಸಮಾಜಕಾರ್ಯದ ಎಂ.ಎ.ಯಲ್ಲಿ ನನಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಬಿಡಿ.

ಆಮೇಲೆ ನಾನು ಬಹಳ ಯೋಚನೆ ಮಾಡಿದೆ. ದೊಡ್ಡ ಗುತ್ತಿಗೆದಾರರಿಗೆ ಹೀಗಾದರೆ ಏನು ಮಾಡ್ತಾರೆ? ಅವರು ಒಬ್ಬೊಬ್ಬರೇ ಕಚೇರಿ ಬಾಗಿಲು ಕಾಯೋದಿಲ್ಲ. ಅವರಿಗೆ ಸಂಘ ಇದೆ. 1941ರಲ್ಲಿ ಪುಣೆಯಲ್ಲಿ ಮಿಲಿಟರಿ ಕಟ್ಟಡಗಳ ಗುತ್ತಿಗೆ ಮಾಡುತ್ತಿದ್ದವರು ಸೇರಿ ಒಂದು ಸಂಘ ಕಟ್ಟಿದರು. ಅದೇ ಇವತ್ತಿನ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಬಿಲ್ಲು ತಡವಾದರೆ, ಕರಾರಿನ ಷರತ್ತು ಒಬ್ಬರ ಕಡೆಗೇ ವಾಲಿದ್ದರೆ, ಹೊಸ ತೆರಿಗೆ ಬಂದರೆ, ಸದಸ್ಯರ ಪರವಾಗಿ ಸಂಘ ಸರ್ಕಾರದ ಜೊತೆ ಮಾತಾಡುತ್ತೆ. ದುಡ್ಡಿದ್ದವರು, ಓದಿದವರು, ಅವರಿಗೇ ಸಂಘ ಬೇಕಾಯಿತು. ಬಾಂಡ್ಲಿ ಹೊರುವ ನಮಗೆ ಬೇಡವೇ?

'ನಮಗೂ ಸಂಘ ಇದೆಯಲ್ಲ ಸಿಸ್ಟರ್, ವಾರಾವಾರ ಉಳಿತಾಯ ಕಟ್ತೀವಲ್ಲ' ಅಂತ ಅಲ್ಲಿ ಹಿಂದೆ ಕೂತವರು ಹೇಳ್ತಿದ್ದೀರಿ. ಅದು ಉಳಿತಾಯದ ಸಂಘ, ಸಾಲದ ಸಂಘ. ಅದು ನಿಮ್ಮನ್ನು ಮೀಟರ್ ಬಡ್ಡಿಯಿಂದ ಬಿಡಿಸಿತು, ಸಣ್ಣ ಮಾತಲ್ಲ. ಆದರೆ ನಾನು ಹೇಳ್ತಿರೋದು ಕಸುಬಿನ ಸಂಘ. ಒಂದೇ ಕಸುಬು ಮಾಡುವವರು, ಬೇರೆ ಬೇರೆ ಊರಿನವರಾದರೂ, ಆ ಕಸುಬಿನ ಮರ್ಯಾದೆ ಕಾಯಲು ಕಟ್ಟಿಕೊಳ್ಳುವ ಸಂಘ. ಇಟ್ಟಿಗೆ ಒತ್ತುವ ನೀವು ಇರಬೇಕು, ಅದನ್ನು ಕಟ್ಟುವ ಗಾರೆಯವರೂ ಇರಬೇಕು. ಎಷ್ಟು ಒಳ್ಳೆ ಇಟ್ಟಿಗೆ ಕೊಟ್ಟರೂ ಮೇಸ್ತ್ರಿಗೆ ಕಟ್ಟುವ ಹದ ಗೊತ್ತಿಲ್ಲದಿದ್ದರೆ ಹೆಸರು ಕೆಡೋದು ಇಟ್ಟಿಗೆಯದ್ದೇ.

ದೂರದ ಒಂದು ದೇಶದ ಕಥೆ ಹೇಳ್ತೀನಿ. ನ್ಯೂಜಿಲೆಂಡಿನಲ್ಲಿ ಭೂಕಂಪ ಸಾಮಾನ್ಯ. ಅಂಥಲ್ಲಿ ಮಣ್ಣಿನ ಮನೆ ಅಂದರೆ ಅಧಿಕಾರಿಗಳು ಸುಲಭಕ್ಕೆ ಒಪ್ತಾರಾ? ಅಲ್ಲಿ ಮಣ್ಣಿನ ಮನೆ ಕಟ್ಟುವವರು 1988ರಲ್ಲಿ ಒಂದು ಸಂಘ ಮಾಡಿಕೊಂಡರು. ಕಟ್ಟುವವರು, ಎಂಜಿನಿಯರುಗಳು, ಮನೆ ಮಾಡಿಕೊಂಡವರು ಎಲ್ಲರೂ ಸೇರಿದರು. ಮಣ್ಣನ್ನು ಹೇಗೆ ಪರೀಕ್ಷಿಸಬೇಕು, ಗೋಡೆ ಎಷ್ಟು ದಪ್ಪ ಇರಬೇಕು, ಕಂಬಿ ಎಲ್ಲಿ ಹಾಕಬೇಕು ಅಂತ ಬರಹದಲ್ಲಿ ಇಳಿಯಲು ಹತ್ತು ವರ್ಷ ಹಿಡಿಯಿತು. 1998ರಲ್ಲಿ ಆ ದೇಶದಲ್ಲಿ ಮಣ್ಣಿನ ಕಟ್ಟಡಕ್ಕೆಂದೇ ಮೂರು ಮಾನಕಗಳು ಹೊರಬಂದವು. ಅಲ್ಲಿಂದ ಮುಂದೆ ಕಟ್ಟುವವನು ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ, ಪುಸ್ತಕ ತೆಗೆದು ತೋರಿಸಿದರೆ ಆಯಿತು.

ನಮ್ಮ ದೇಶದಲ್ಲೂ ಪುಸ್ತಕ ಇದೆ. ಐ.ಎಸ್. 1725 ಅಂತ, ಇಂಥ ಮಣ್ಣಿನ ಇಟ್ಟಿಗೆಗೆಂದೇ ಇರುವ ಮಾನಕ. 2013ರಲ್ಲಿ ಅದನ್ನು ಪರಿಷ್ಕರಿಸಿದರು. ಆ ಹನ್ನೆರಡು ಜನಕ್ಕೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇದೆ ಅಂತ ಹೇಳೋದಕ್ಕೆ ಒಬ್ಬರು ಬೇಕಲ್ಲ, ಆ ಕೆಲಸ ಸಂಘದ್ದು.

ಹಾಗಾಗಿ ನನ್ನ ಸಲಹೆ ಕೇಳಿ. ಮೂರು ಗುಂಪಿಗೆ ಮೂರು ಮಿಷನ್ನು ಬೇಡ. ಮೊದಲ ವರ್ಷ ಒಂದೇ ಇರಲಿ. ಮೂರೂ ಗುಂಪಿನಿಂದ ಕೆಲವರು, ಸುತ್ತಮುತ್ತಲ ಗಾರೆಯವರು ಕೆಲವರು ಸೇರಿ ಕಸುಬಿನ ಸಂಘ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ನೋಂದಣಿ ಮಾಡಿಸಬಹುದು. ಅಂಥ ಸಂಘ ಲಾಭ ಹಂಚಿಕೊಳ್ಳುವ ಹಾಗಿಲ್ಲ. ವ್ಯಾಪಾರ ನಿಮ್ಮ ನಿಮ್ಮ ಗುಂಪಿನಲ್ಲೇ ಇರಲಿ. ತರಬೇತಿ, ಪರೀಕ್ಷೆ, ದರ, ಕಚೇರಿಯಲ್ಲಿ ಮಾತಾಡೋದು, ಇವು ಸಂಘದ್ದು. ಹಾಸನದಲ್ಲಿ ನಿರ್ಮಿತಿ ಕೇಂದ್ರ ಇದೆ. ಕಡಿಮೆ ಖರ್ಚಿನ ಮನೆ ಕಟ್ಟೋದನ್ನು ಹರಡಲೆಂದೇ ಇಂಥ ಕೇಂದ್ರಗಳು ಹುಟ್ಟಿದ್ದು. ಒಬ್ಬಳು ಹೋಗಿ ತರಬೇತಿ ಕೊಡಿ ಅಂದರೆ ನಾಳೆ ಬಾ ಅಂತಾರೆ, ನೋಂದಾಯಿತ ಸಂಘದ ಪತ್ರ ಹೋದರೆ ಉತ್ತರ ಬರೆಯಬೇಕಾಗುತ್ತೆ. ಇಟ್ಟಿಗೆಯ ಬಲ ನೋಡುವ ಯಂತ್ರ ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇರುತ್ತೆ. ಹಾಸನದ ಮಲ್ನಾಡ್ ಕಾಲೇಜಿಗೆ ಕೇಳಿ ನೋಡೋಣ, ನಾನೂ ಬರ್ತೀನಿ.

ಇನ್ನೊಂದು ವಿಷಯ ಚಿಕ್ಕದಾಗಿ. ಗಾರೆ ಕೆಲಸಕ್ಕೆ ಹೋಗುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಅದರಲ್ಲಿ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇರೋರು? ನೋಡಿ, ಅರ್ಧ ಕೈ ಕೆಳಗಿಳಿಯಿತು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಬಾಂಡ್ಲಿ ಮುಟ್ಟದವರೂ ಕೆಲವು ಕಡೆ ಕಾರ್ಡು ಮಾಡಿಸಿಕೊಂಡಿದ್ದಾರೆ. ನಿಜವಾಗಿ ದುಡಿದವಳಿಗೆ 90 ದಿನದ ಪತ್ರಕ್ಕೆ ಸಹಿ ಹಾಕೋರು ಸಿಗೋದಿಲ್ಲ, ಯಾಕಂದ್ರೆ ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಮಾತ್ರ ಇರುತ್ತೆ. ಈ ವಾರದಿಂದಲೇ ಪ್ರತಿಯೊಬ್ಬರೂ ಒಂದು ನೋಟ್ ಬುಕ್ಕಿನಲ್ಲಿ ತಾರೀಖು, ಯಾರ ಮನೆ ಕೆಲಸ, ಎಷ್ಟು ಕೂಲಿ ಅಂತ ಬರೆದಿಡಿ. ಬರೆಯೋಕೆ ಬಾರದವರಿಗೆ ಮಗಳು ಬರೆದುಕೊಡಲಿ.

ಬರುವ ತಿಂಗಳ ಸಭೆಗೆ ಪ್ರತಿ ಗುಂಪಿನವರೂ ಒಂದು ಉದ್ದನೆಯ ಗಾಜಿನ ಬಾಟಲಿ ತನ್ನಿ. ಮೇಲಿನ ಒಂದು ಅಡಿ ಮಣ್ಣು ತೆಗೆದುಹಾಕಿ, ಅದರ ಕೆಳಗಿನ ಮಣ್ಣನ್ನು ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ. ಎರೆಮಣ್ಣು ತರಬೇಡಿ, ಅದು ಈ ಕೆಲಸಕ್ಕೆ ಆಗಿಬರೋದಿಲ್ಲ. ಇಲ್ಲಿ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಅಲ್ಲಾಡಿಸಿ ಇಡೋಣ. ಮರಳು ಮೊದಲು ತಳಕ್ಕೆ ಕೂರುತ್ತೆ, ಅದರ ಮೇಲೆ ನುಣ್ಣನೆ ಮಣ್ಣು, ಕೊನೆಗೆ ಜೇಡಿ. ಯಾವ ಊರಿನ ಮಣ್ಣಿಗೆ ಎಷ್ಟು ಮರಳು ಸೇರಿಸಬೇಕು ಅಂತ ಅಳತೆ ಪಟ್ಟಿ ಇಟ್ಟು ನೋಡಿ ಬರೆದುಕೊಳ್ಳೋಣ. ನಿಮ್ಮ ಅರ್ಜಿಯನ್ನೂ ಅವತ್ತು ತಂದಿರ್ತೀನಿ.