ಹೊಗೆಸೊಪ್ಪಿನ ಎಲೆಯೂ ಶುಂಠಿಯ ಗಡ್ಡೆಯೂ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಈ ಸೀಮೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಗೊಂಡ ಬಣ್ಣದಿಂದಲೂ ಹರಾಜು ಮಾರುಕಟ್ಟೆಯ ದರದಿಂದಲೂ ಅಳೆದು ಬಂದಿರುವ ನಮಗೆ, ಅದೇ ಎಲೆಯು ಸೂಕ್ಷ್ಮಜೀವಿಶಾಸ್ತ್ರಕ್ಕೆ ದೊಡ್ಡದೊಂದು ಪಾಠವನ್ನು ಕಲಿಸಿತೆಂಬ ಸಂಗತಿ ಸೋಜಿಗವೆನಿಸೀತು.

1963ರಲ್ಲಿ ಹಂಗೆರಿಯ ವಿಜ್ಞಾನಿ ಜೋಲ್ಟಾನ್ ಕ್ಲೆಮೆಂಟ್, ಬೇರೆ ಗಿಡಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಸಿರಿಂಜಿನಿಂದ ಹೊಗೆಸೊಪ್ಪಿನ ಎಲೆಯೊಳಕ್ಕೆ ತುಂಬಿ ನೋಡಿದಾಗ, ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗಾಗಿ ತುಂಬಿದ ಭಾಗವಷ್ಟೇ ಬಾಡಿ ಕಾಗದದಂತೆ ಒಣಗಿ, ಉಳಿದ ಎಲೆ ಹಸುರಾಗಿಯೇ ನಿಂತಿತು. ನಿರುಪದ್ರವಿಯಾದ ಬ್ಯಾಕ್ಟೀರಿಯಾಗಳನ್ನು ತುಂಬಿದ ಕಡೆ ಏನೊಂದೂ ಆಗಲಿಲ್ಲ. ಜೀವಕೋಶವು ಶತ್ರುವನ್ನು ಗುರುತಿಸಿ, ಅದು ಮುಂದಕ್ಕೆ ಹರಡದಂತೆ ತಾನೇ ಪ್ರಾಣ ತೆತ್ತಿತ್ತು.

1986ರಲ್ಲಿ ಲಿಂಡ್‌ಗ್ರೆನ್, ಪೀಟ್, ಪನೊಪೌಲೋಸ್ ಎಂಬ ಮೂವರು ಹುರುಳಿಕಾಯಿಯ ರೋಗಾಣುವಿನಲ್ಲಿ ಒಂದು ಜೀನ್‌ಗುಚ್ಛವನ್ನು ಕಂಡರು. ಅದು ಕೆಟ್ಟರೆ ಆ ರೋಗಾಣುವು ಹುರುಳಿಕಾಯಿಯ ಗಿಡಕ್ಕೆ ರೋಗ ತರಲಾರದು, ಹೊಗೆಸೊಪ್ಪಿನ ಕೋಶವನ್ನು ಕೆರಳಿಸಲೂ ಆರದು. ಪೋಷಕ ಕೋಶದೊಳಕ್ಕೆ ಸೂಜಿಯೋಪಾದಿಯಲ್ಲಿ ಪ್ರೋಟೀನುಗಳನ್ನು ಚುಚ್ಚುವ ಯಂತ್ರವೊಂದು ಇಂಥ ಜೀನುಗಳಿಂದಲೇ ನಿರ್ಮಿತವಾಗುವುದೆಂದು ಮುಂದೆ ತಿಳಿಯಿತು. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕು ಊರೂರನ್ನೇ ಖಾಲಿಮಾಡಿಸಿದ ಪ್ಲೇಗಿನ ರೋಗಾಣುವಿನಲ್ಲಿಯೂ ಇದೇ ವಂಶದ ಯಂತ್ರವಿದೆ.

ಇನ್ನು ನಮ್ಮ ಶುಂಠಿಯ ಮಾತು. ಮಳೆಗಾಲದಲ್ಲಿ ಮಡಿಯ ಗಿಡ ಸೊರಗಿ ಎಲೆ ಸುರುಟಿಕೊಂಡಾಗ ಎಲ್ಲವನ್ನೂ ಕೊಳೆರೋಗವೆಂದೇ ಕರೆದು, ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯುವುದು ವಾಡಿಕೆಯಾಗಿದೆ. ಸೊರಗಿದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಕೆಲವು ನಿಮಿಷ ಕಾದರೆ, ಕೊಯ್ದ ಬಾಯಿಂದ ಹಾಲುಬಣ್ಣದ ಎಳೆಯೊಂದು ಕೆಳಕ್ಕೆ ಇಳಿಯುವುದುಂಟು. ಅದು ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ. ಗಿಡದ ನೀರ್ನಾಳಗಳಲ್ಲಿ ತಾನೇ ಸ್ರವಿಸಿದ ಲೋಳೆಯಿಂದ ದಾರಿ ಕಟ್ಟಿ, ಬೇರಿನ ಸುತ್ತ ತೇವವಿದ್ದರೂ ಗಿಡವನ್ನು ಬಾಯಾರಿಸಿ ಕೊಲ್ಲುವ ಈ ಜೀವಿಗೆ ಶಿಲೀಂಧ್ರನಾಶಕದಿಂದ ಯಾವ ಬಾಧೆಯೂ ಇಲ್ಲ; ಬಾಧೆಯೆಲ್ಲ ಬೆಳೆಗಾರನ ಜೇಬಿಗೆ.

ಇದರ ಬಳಗವು ಟೊಮ್ಯಾಟೊ, ಆಲೂಗೆಡ್ಡೆ, ಬದನೆಗಳನ್ನೂ ಹೊಗೆಸೊಪ್ಪನ್ನೂ ಬಿಟ್ಟಿದ್ದಲ್ಲ. ಆದರೂ 2002ರಲ್ಲಿ ಜೀನೋಮ್ ಪ್ರಕಟವಾದ, ಟೊಮ್ಯಾಟೊವಿನಿಂದ ಬಂದ ಜಿಎಂಐ 1000 ಎಂಬ ತಳಿಯನ್ನು ಹೊಗೆಸೊಪ್ಪು ತಡೆಯುತ್ತದೆ. ಆ ತಳಿ ಚುಚ್ಚುವ ಪ್ರೋಟೀನುಗಳ ಪೈಕಿ ಕೇವಲ ಎರಡನ್ನು ತೆಗೆದುಹಾಕಿದೊಡನೆ, ಅದೇ ಹೊಗೆಸೊಪ್ಪು ರೋಗಕ್ಕೆ ತುತ್ತಾಗುತ್ತದೆ. ಅಂದರೆ ಆಯುಧ ಕಡಿಮೆಯಾದಾಗಲೇ ಶತ್ರು ಗೆದ್ದಿತು, ಏಕೆಂದರೆ ಕೋಶವು ಅದನ್ನು ಗುರುತಿಸುತ್ತಿದ್ದುದು ಆ ಆಯುಧಗಳಿಂದಲೇ. ಔಷಧದ ಪ್ರಮಾಣವನ್ನೇ ಚರ್ಚಿಸುತ್ತ ದಿನ ಕಳೆಯುವ ನಮ್ಮ ಗೋಷ್ಠಿಗಳು ಈ ವಿಚಾರಕ್ಕೆ ಎಡೆಗೊಟ್ಟದ್ದು ಸಾಲದೆಂಬುದು ನನ್ನ ಅಭಿಪ್ರಾಯ.

ಶುಂಠಿಯ ಹತ್ತಿರದ ನಂಟಾದ ಮಾವಿನಶುಂಠಿಯು ಈ ಸೊರಗುರೋಗವನ್ನು ತಾಳಿಕೊಳ್ಳುವುದೆಂದು ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೋರಿಸಿದ್ದಾರೆ. ಅದರ ಕೋಶ ಏನನ್ನು ಗುರುತಿಸುತ್ತದೆ, ನಮ್ಮ ಶುಂಠಿಯ ಕೋಶ ಏನನ್ನು ಗುರುತಿಸದೆ ಹೋಗುತ್ತದೆ, ರೋಗವನ್ನು ಒಡಲಲ್ಲಿಟ್ಟುಕೊಂಡೂ ಹೊರಗೆ ನೋಡಲು ಚೆನ್ನಾಗಿರುವ ಬೀಜದಗಡ್ಡೆಯನ್ನು ಗುತ್ತಿಗೆ ಹೊಲದಿಂದ ಗುತ್ತಿಗೆ ಹೊಲಕ್ಕೆ ಸಾಗುವ ಮುನ್ನ ಹೇಗೆ ಪತ್ತೆ ಮಾಡಬಹುದು: ಈ ಮೂರನ್ನು ಗೋಷ್ಠಿಯ ಮುಂದಿಟ್ಟು, ಮೊದಲ ಪ್ರಬಂಧಕಾರರಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.