ಶಿಬ್ಬೋಲೆತ್: ಹೊಳೆ ದಾಟಲು ಬಿಡದ ಪದ

'ತೆನೆ' ಎಂಬ ಅರ್ಥದ ಒಂದು ಪದವನ್ನು ಸರಿಯಾಗಿ ಉಚ್ಚರಿಸಲು ಬಾರದೆ ಯಾರಾದರೂ ಪ್ರಾಣ ಕಳೆದುಕೊಂಡದ್ದುಂಟೇ? ಉಂಟು, ಅದೂ ಸಾವಿರಗಟ್ಟಲೆ ಜನ ಎನ್ನುತ್ತದೆ ಬೈಬಲಿನ ಹಳೆಯ ಒಡಂಬಡಿಕೆ. ಆ ಹೀಬ್ರೂ ಪದ 'ಶಿಬ್ಬೋಲೆತ್'. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅನಂತರ 'ಸಿಬ್ಬೋಲೆತ್' ಎನ್ನಿ. ವ್ಯತ್ಯಾಸ ಇಷ್ಟೇ.

ಕಥೆ ಇರುವುದು 'ನ್ಯಾಯಸ್ಥಾಪಕರು' ಗ್ರಂಥದ 12ನೇ ಅಧ್ಯಾಯದಲ್ಲಿ. ಯೊರ್ದನ್ ನದಿಯ ಪೂರ್ವಕ್ಕೆ ಗಿಲ್ಯಾದಿನವರು, ಪಶ್ಚಿಮಕ್ಕೆ ಎಫ್ರಾಯೀಮ್ ಕುಲದವರು. ಇಬ್ಬರೂ ಇಸ್ರಾಯೇಲರೇ, ಭಾಷೆಯೂ ಒಂದೇ. ಗಿಲ್ಯಾದಿನ ನಾಯಕ ಯೆಫ್ತಾಹ ಅಮ್ಮೋನಿಯರನ್ನು ಸೋಲಿಸಿದಾಗ, ತಮ್ಮನ್ನು ಯುದ್ಧಕ್ಕೆ ಕರೆಯಲಿಲ್ಲವೆಂದು ಎಫ್ರಾಯೀಮರು ಜಗಳ ತೆಗೆದರು. ಅವನ ಮನೆಗೆ ಬೆಂಕಿಯಿಡುತ್ತೇವೆಂದರು. ಗಿಲ್ಯಾದಿನವರನ್ನು 'ಎಫ್ರಾಯೀಮಿನಿಂದ ತಪ್ಪಿಸಿಕೊಂಡು ಬಂದವರು' ಎಂದು ಹೀಯಾಳಿಸಿದರು. ಕಾಳಗದಲ್ಲಿ ಸೋತು ಓಡಿದವರು ಮಾತ್ರ ಅವರೇ. ಹಾಗೆ ಓಡುವವರಿಗೆ ಮುಂದಿನ ವಚನದಲ್ಲಿ ಗ್ರಂಥಕರ್ತ ಬಳಸುವುದು ಅದೇ ಬೈಗುಳದ ನುಡಿಗಟ್ಟನ್ನು!

ಹೊಳೆ ದಾಟುವ ಜಾಗಗಳನ್ನೆಲ್ಲ ಗಿಲ್ಯಾದಿನವರು ಹಿಡಿದು ಕುಳಿತಿದ್ದರು. ದಾಟಲು ಬಂದವನನ್ನು ಎಫ್ರಾಯೀಮನೋ ಎಂದು ಕೇಳುವರು. ಅಲ್ಲವೆಂದರೆ, ಹಾಗಾದರೆ 'ಶಿಬ್ಬೋಲೆತ್' ಎನ್ನು ಎನ್ನುವರು. 'ಸಿಬ್ಬೋಲೆತ್' ಎಂದವನನ್ನು ಅಲ್ಲೇ ಕೊಲ್ಲುವರು. ಸತ್ತವರು 42,000 ಎಂದು ಗ್ರಂಥ ಹೇಳುತ್ತದೆ. ಪುರಾತನ ಲೆಕ್ಕಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಕೊಲೆಯ ವಿಧಾನ ಕಟ್ಟುಕಥೆಯಂತೆ ತೋರುವುದಿಲ್ಲ.

ಪದಕ್ಕೆ ಎರಡು ಅರ್ಥಗಳಿವೆ. ಆದಿಕಾಂಡದಲ್ಲಿ ಫರೋಹನ ಕನಸಿಗೆ ಬರುವ ಏಳು ತೆನೆಗಳು, ರೂತಳು ಹೊಲದಲ್ಲಿ ಹಕ್ಕಲಾಯುವ ತೆನೆಗಳು ಎಲ್ಲವೂ ಇದೇ ಪದ. 69ನೇ ಕೀರ್ತನೆಯಲ್ಲಿ ಮಾತ್ರ ಇದು ಮನುಷ್ಯನನ್ನು ಮುಳುಗಿಸುವ ನೀರಿನ ಸೆಳವು. ಹೊಳೆಯ ದಂಡೆಯಲ್ಲಿ ಕೇಳಿದ ಪ್ರಶ್ನೆಯಾದ್ದರಿಂದ ಇಲ್ಲಿ 'ಸೆಳವು' ಎಂಬುದೇ ಒಪ್ಪುತ್ತದೆ ಎನ್ನುವ ಪಂಡಿತರಿದ್ದಾರೆ. ನಿಜ ಹೇಳಬೇಕೆಂದರೆ ಕಾವಲಿನವನಿಗೆ ಅರ್ಥ ಬೇಕಿರಲಿಲ್ಲ, ಮೊದಲ ಅಕ್ಷರವೊಂದೇ ಸಾಕಿತ್ತು.

ಬೈಬಲನ್ನು ಗ್ರೀಕಿಗೆ ತಂದವರು ಇಲ್ಲಿ ಪೇಚಿಗೆ ಸಿಕ್ಕಿದರು. ಗ್ರೀಕಿನಲ್ಲಿ 'ಶ'ಕಾರಕ್ಕೆ ಅಕ್ಷರವೇ ಇಲ್ಲ. ಒಂದು ಹಸ್ತಪ್ರತಿ ಪದದ ಜಾಗದಲ್ಲಿ 'ತೆನೆ' ಎಂದು ಅನುವಾದಿಸಿದರೆ, ಇನ್ನೊಂದು 'ಗುರುತಿನ ಮಾತು' ಎಂದು ಬರೆಯಿತು. ಕಥೆಯ ತಿರುಳೇ ಮಾಯ! ಕನ್ನಡಕ್ಕೆ ಆ ಕಷ್ಟವಿಲ್ಲ.

ಎಫ್ರಾಯೀಮರ ನಾಲಗೆಗೆ 'ಶ' ಬರುತ್ತಿರಲಿಲ್ಲವೇ? ಈ ಬಗ್ಗೆ 1984ರಲ್ಲಿ ಜೋರ್ಡಾನಿನ ತೆಲ್ ಅಲ್-ಉಮೈರಿಯಲ್ಲಿ ಸಿಕ್ಕ ಮಣ್ಣಿನ ಮುದ್ರೆಯೊಂದು ಹೊಸ ಯೋಚನೆಗೆ ದಾರಿ ಮಾಡಿತು. ಅದರಲ್ಲಿ ಅಮ್ಮೋನಿಯರ ಅರಸನ ಹೆಸರು 'ಶ' ಅಕ್ಷರದಿಂದ ಬರೆದಿದೆ. ಬೈಬಲಿನ ಯೆರೆಮೀಯನ ಗ್ರಂಥ ಅದೇ ಹೆಸರನ್ನು 'ಬಾಲೀಸ್' ಎಂದು 'ಸ'ದಿಂದ ಬರೆಯುತ್ತದೆ. ಎಂದರೆ, ಹೊಳೆಯಾಚೆಯವರ 'ಶ' ಈಚೆಯವರ ಕಿವಿಗೆ 'ಸ'ದಂತೆ ಕೇಳುತ್ತಿತ್ತು. ಎಫ್ರಾಯೀಮರು ಬಹುಶಃ ತಮಗೆ ಕೇಳಿಸಿದ್ದನ್ನೇ ಪ್ರಾಮಾಣಿಕವಾಗಿ ತಿರುಗಿ ಹೇಳಿದರು ಎಂಬ ಈ ವಿವರಣೆಯೇ ಹೆಚ್ಚು ಮನಸ್ಸಿಗೆ ಹಿಡಿಸುತ್ತದೆ. ಹಾಗಿದ್ದರೆ ತಪ್ಪಿದ್ದು ನಾಲಗೆಯಲ್ಲ, ಕಿವಿ.

ಉಚ್ಚಾರಣೆಯಿಂದ ಊರು, ಜಾತಿ ಅಳೆಯುವ ಚಾಳಿ ನಮ್ಮಲ್ಲೂ ಇದೆ. 'ಹಾಲು' ಎನ್ನಲು ಹೋಗಿ 'ಆಲು' ಎಂದವರನ್ನು, 'ಶಂಕರ'ನನ್ನು 'ಸಂಕರ' ಮಾಡಿದವರನ್ನು ನೋಡಿ ನಕ್ಕವರೆಷ್ಟೋ! ನಗೆಗೆ ನಿಂತರೆ ಪುಣ್ಯ. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನ ಸೈನಿಕರು ಸಾವಿರಾರು ಹೈಟಿಯನ್ನರನ್ನು ಕೊಂದಾಗ, ಒಂದು ಸೊಪ್ಪಿನ ಹೆಸರನ್ನು ಹೇಳಿಸಿ ಅದರಲ್ಲಿನ 'ರ'ಕಾರದಿಂದ ಗುರುತು ಹಿಡಿದರೆಂದು ಪ್ರಸಿದ್ಧಿ. 1983ರ ಜುಲೈಯಲ್ಲಿ ಶ್ರೀಲಂಕಾದ ಗಲಭೆಕೋರರು ತಮಿಳರನ್ನು ಪತ್ತೆಹಚ್ಚಲು 'ಬಾಲ್ದಿಯ' ಎನ್ನಿಸಿದರೆಂಬ ವರದಿಗಳಿವೆ. ತಮಿಳು ಲಿಪಿಯಲ್ಲಿ 'ಪ', 'ಬ' ಎರಡಕ್ಕೂ ಒಂದೇ ಅಕ್ಷರ. ಪದದ ಆದಿಯ 'ಬ'ಕಾರ ತಮಿಳು ನಾಲಗೆಗೆ ಸಲೀಸಲ್ಲ. ಬಾಲ್ದಿಯ ಎಂದರೆ ನಮ್ಮ ಕರಾವಳಿಯ ಮನೆಮನೆಯಲ್ಲೂ ನೀರು ತುಂಬುವ ಅದೇ ಬಾಲ್ದಿ.

ಇಂಗ್ಲಿಷಿಗೆ ಹೋದ 'ಶಿಬ್ಬೋಲೆತ್' ಈಗ ಪಂಗಡಗಳ ಸವಕಲು ಘೋಷಣೆಗಳಿಗೂ ಹೆಸರಾಗಿದೆ. ಮೂಲ ಕೆಲಸವನ್ನೂ ಅದು ಪೂರಾ ಬಿಟ್ಟಿಲ್ಲ. 1990ರ ದಶಕದಿಂದ ಯೂರೋಪಿನ ಹಲವು ಸರ್ಕಾರಗಳು ಆಶ್ರಯ ಬೇಡಿ ಬಂದವರ ಮಾತನ್ನು ಧ್ವನಿಮುದ್ರಿಸಿ, ಅವರು ಹೇಳಿದ ಊರಿನವರೇ ಹೌದೋ ಅಲ್ಲವೋ ಎಂದು ಪರೀಕ್ಷಿಸತೊಡಗಿದವು. ಗಡಿ ದಾಟುವ ಮಾತುಗಳು ದೇಶದ ಗಡಿಗೆ ಸರಿಯಾಗಿ ಹೊಂದುವುದಿಲ್ಲ, ಇಂಥ ಪರೀಕ್ಷೆಯನ್ನು ತರಬೇತಾದ ಭಾಷಾವಿಜ್ಞಾನಿಗಳೇ ಮಾಡಬೇಕು ಎಂದು ಹಲವು ದೇಶಗಳ ವಿದ್ವಾಂಸರು 2004ರಲ್ಲಿ ಸೇರಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.