ಪಿಂಗಾಣಿ ಮಗ್ಗಿನ ಮೇಲೊಂದು ಜಿರಾಫೆ


ಈ ಪಿಂಗಾಣಿ ಮಗ್ಗಿನ ಮೇಲೆ ಅಚ್ಚಾಗಿರುವ ಚಿತ್ರವನ್ನು ಗಮನಿಸಿ. ಉದ್ದ ಕತ್ತಿನ ಜಿರಾಫೆ, ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಆಳು. ಮೂಲ ಚಿತ್ರ ಚೀನಾದ ಮಿಂಗ್ ರಾಜವಂಶದ ಕಾಲದ್ದು. ಆಫ್ರಿಕದ ಪ್ರಾಣಿ ಚೀನಾಕ್ಕೆ ಹೋದದ್ದಾದರೂ ಹೇಗೆ?

ಬಂಗಾಳದ ಮೂಲಕ! 1414ರಲ್ಲಿ ಬಂಗಾಳದ ಸುಲ್ತಾನನ ಕಾಣಿಕೆಯಾಗಿ ಅದು ಚಕ್ರವರ್ತಿ ಯಾಂಗ್‌ಲೆಯ ಆಸ್ಥಾನ ತಲುಪಿತು. ಒಡನೆಯೇ ಆಸ್ಥಾನಿಕರು ಅದನ್ನು 'ಚಿಲಿನ್' ಎಂದು ಕೊಂಡಾಡಿದರು. ಚಿಲಿನ್ ಎಂದರೆ ಚೀನೀ ಪುರಾಣದ ಮಂಗಳಕರ ಮೃಗ. ಧರ್ಮಿಷ್ಠ ದೊರೆ ಆಳುವಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆಂಬುದು ನಂಬಿಕೆ. ಜಿರಾಫೆಯ ಸೋಮಾಲಿ ಹೆಸರಿಗೂ 'ಚಿಲಿನ್' ಶಬ್ದಕ್ಕೂ ಇದ್ದ ಹೋಲಿಕೆ ಇದಕ್ಕೆ ನೆರವಾಗಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಈ ಹೊಗಳಿಕೆಗೆ ರಾಜಕೀಯ ಅರ್ಥವೂ ಇತ್ತು. ಯಾಂಗ್‌ಲೆ 1402ರಲ್ಲಿ ತನ್ನ ಅಣ್ಣನ ಮಗನಿಂದಲೇ ಸಿಂಹಾಸನವನ್ನು ಕಸಿದುಕೊಂಡವನು. ಅಂಥವನಿಗೆ ದೈವದ ಒಪ್ಪಿಗೆ ಇದೆಯೆಂದು ಜನರಿಗೆ ತೋರಿಸಬೇಕಿತ್ತು. ಆಸ್ಥಾನದ ಪ್ರಸಿದ್ಧ ಲಿಪಿಕಾರ ಶೆನ್ ದು ಸ್ತುತಿಯನ್ನೂ ಬರೆದ. ಚಿತ್ರದ ಮೇಲ್ಭಾಗದ ಅಕ್ಷರಗಳು ಅವೇ.

ಕುತೂಹಲದ ಸಂಗತಿಯೆಂದರೆ, ಅಭಿನಂದನಾ ಪತ್ರ ಸಲ್ಲಿಸಲು ಮುಂದಾದ ಮಂತ್ರಿಗಳನ್ನು ಚಕ್ರವರ್ತಿ ತಡೆದ. ರಾಜ್ಯ ನೆಮ್ಮದಿಯಿಂದಿದ್ದರೆ ಚಿಲಿನ್ ಬಾರದಿದ್ದರೂ ಕೊರತೆಯಿಲ್ಲ ಎಂಬುದು ಅವನ ಉತ್ತರವಾಗಿತ್ತು. ಆದರೆ ಮರುವರ್ಷ, 1415ರಲ್ಲಿ, ಆಫ್ರಿಕದ ಮಾಲಿಂದಿಯಿಂದ ಇನ್ನೊಂದು ಜಿರಾಫೆ ಬಂದಾಗ ಸ್ವತಃ ಅರಮನೆಯ ಹೆಬ್ಬಾಗಿಲಿಗೆ ಬಂದು ಅದನ್ನು ಬರಮಾಡಿಕೊಂಡ!

ಇಂದು ಬರೀ ಅಲಂಕಾರವಾಗಿ ತೋರುವ ಈ ಚಿತ್ರ, ಹಿಂದೂಮಹಾಸಾಗರದ ಎರಡು ದಡಗಳ ನಡುವಿನ ವ್ಯವಹಾರಕ್ಕೂ ಅಧಿಕಾರವನ್ನು ಓಲೈಸುವವರ ಜಾಣತನಕ್ಕೂ ಏಕಕಾಲಕ್ಕೆ ಸಾಕ್ಷಿಯಾಗಿ ಉಳಿದಿದೆ.